ಒಳಗೆ ಯಾರನ್ನು ಬಿಡಬೇಕು

ಮೂವತ್ತು ವರ್ಷ ತತ್ತ್ವಶಾಸ್ತ್ರ ಪಾಠ ಹೇಳಿದ ಪ್ರೊಫೆಸರಮ್ಮನಿಗೆ ಸರ್ಕಾರಿ ಸಮಿತಿಗಳಲ್ಲಿ ಇದ್ದ ಹೆಸರು 'ಆದರೆ ಮೇಡಂ'. ಯಾವ ಕರಡು ಮುಂದಿಟ್ಟರೂ ಕನ್ನಡಕ ತೆಗೆದು "ಆದರೆ..." ಎಂದು ಶುರು ಮಾಡುತ್ತಿದ್ದರು, ಅಲ್ಲಿಗೆ ಊಟದ ಹೊತ್ತು ಮೀರಿತೆಂದೇ ತಿಳಿಯಬೇಕು. ಕುಡಿಯುವ ನೀರಿನ ಸರದಿ, ಕೈದಿಗಳ ಓದು, ಪ್ರಯೋಗಾಲಯದ ಇಲಿಗಳು, ಆಕೆ ತಲೆ ಹಾಕದ ವಿಷಯವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ವರದಿ ಬರೆಯಲು ಮಾತ್ರ ಬರುತ್ತಿರಲಿಲ್ಲ. ಅಧಿಕಾರಿಗಳು ಗೊಣಗುತ್ತಲೇ ಮತ್ತೆ ಮತ್ತೆ ಕರೆಯುತ್ತಿದ್ದರು.

ಈ ಸಲ ಬಂದದ್ದು ದೊಡ್ಡಾಸ್ಪತ್ರೆಯ ಕಡತ. ತೀವ್ರ ನಿಗಾ ಘಟಕದ ಕಾವಲುಗಾರ, ಸಾಯುತ್ತಿದ್ದ ಮುದುಕರೊಬ್ಬರ ಮಗನನ್ನು ಬಾಗಿಲಲ್ಲೇ ತಡೆದು, ಅವರ ಪಕ್ಕದ ಮನೆಯ ದರ್ಜಿಯನ್ನು ಒಳಗೆ ಬಿಟ್ಟಿದ್ದ. ಮಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗಲೇ ತಂದೆಯ ಉಸಿರು ನಿಂತಿತು. ದೂರು ಬಂತು. ಕಾವಲುಗಾರನನ್ನು ಕೆಲಸದಿಂದ ತೆಗೆಯಬೇಕೋ ಬೇಡವೋ ಎಂದು ಶುಕ್ರವಾರದೊಳಗೆ ಹೇಳಬೇಕಿತ್ತು.

ಉಳಿದ ಸದಸ್ಯರು 'ತೆಗೆಯಿರಿ' ಎಂದು ಕೈ ತೊಳೆದುಕೊಂಡರು. ಆಕೆಯ ತಲೆಗೆ ಮಾತ್ರ ಹುಳ ಹೊಕ್ಕಿತು. ಹದಿನೆಂಟು ವರ್ಷ ಒಂದೇ ಬಾಗಿಲಲ್ಲಿ ನಿಂತವನು ಸುಮ್ಮಸುಮ್ಮನೆ ಹೀಗೆ ಮಾಡಿಯಾನೇ? ಬುಧವಾರ ಬೆಳಿಗ್ಗೆ ಬಸ್ಸು ಹತ್ತಿ ಆಸ್ಪತ್ರೆಗೇ ಹೋದರು.

ಫಿನಾಯಿಲ್ ವಾಸನೆಯ ಉದ್ದನೆ ಪಡಸಾಲೆ. ತುದಿಯಲ್ಲಿ ಬಾಗಿಲು, ಬಾಗಿಲಲ್ಲಿ ಆ ಕಾವಲುಗಾರ. ಅಂಗಿಯ ಒಂದು ಗುಂಡಿ ಕಿತ್ತುಹೋದ ಜಾಗದಲ್ಲಿ ಪಿನ್ನು ಚುಚ್ಚಿಕೊಂಡಿದ್ದ. ತನ್ನ ಸ್ಟೂಲನ್ನೇ ಒರೆಸಿ ಆಕೆಗೆ ಕೊಟ್ಟ.

"ಯಾರನ್ನ ಬಿಡ್ಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ನಿಯಮ 'ಒಂದು ಸಲಕ್ಕೆ ಒಬ್ಬರು' ಅನ್ನುತ್ತೆ, ಯಾರು ಅಂತ ಹೇಳಲ್ಲ. ಇಬ್ಬರು ಬಂದು ನಾನು ತಾನು ಅಂದ್ರೆ, ಒಂದೇ ಪ್ರಶ್ನೆ ಕೇಳ್ತೀನಿ. 'ಅವರಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತೆ?' ಗೊತ್ತಿರೋರು ಒಳಗೆ. ಅವತ್ತು ದರ್ಜಿಗೆ ಗೊತ್ತಿತ್ತು, ಮಗನಿಗೆ ಗೊತ್ತಿರಲಿಲ್ಲ."

ಆಕೆಯ ಕಣ್ಣರಳಿತು. ಸಂಬಂಧ ಎಂದರೇನು ಎಂದು ಒಂದಿಡೀ ಪುಸ್ತಕ ಬರೆದು, ಕೊನೆಗೂ ಉತ್ತರ ಸಿಗದೆ ಕೈಬಿಟ್ಟವರು ಅವರು.

"ಎರಡೂ ಕಿವಿ ಸರಿಯಾಗಿದ್ರೆ?"

"ಮಲಗೋದು ಯಾವ ಮಗ್ಗುಲಿಗೆ ಅಂತ ಕೇಳ್ತೀನಿ."

"ಬೇರೆಯವರನ್ನ ಕೇಳ್ಕೊಂಡು ಬಂದಿದ್ರೆ?"

"ಕೇಳ್ಕೊಂಡು ಬರೋಷ್ಟು ಅಕ್ಕರೆ ಇದ್ರೆ ಹೋಗ್ಲಿ ಬಿಡಿ!"

ಆಕೆ ಜೋರಾಗಿ ನಕ್ಕು, ಎಲ್ಲವನ್ನೂ ಬರೆದುಕೊಂಡರು. ಇವನ ಕೆಲಸ ಉಳಿಯಿತು ಅನ್ನಿಸಿತು. ಆಮೇಲೆ ಅಭ್ಯಾಸಬಲದಿಂದ ಆ ಪ್ರಶ್ನೆಯನ್ನು ತಮಗೇ ಹಾಕಿಕೊಂಡರು. ತಾಯಿ ಸತ್ತ ಮೇಲೆ ತನ್ನನ್ನು ಎತ್ತಿ ಆಡಿಸಿದ ಅಕ್ಕನಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತದೆ? ಗೊತ್ತಿಲ್ಲ. ಯಾವ ಮಗ್ಗುಲು? ಅದೂ ಗೊತ್ತಿಲ್ಲ. ಸಮಿತಿಗಳ ಗಡಿಬಿಡಿಯಲ್ಲಿ ಅಕ್ಕನ ಮನೆಗೆ ಹೋಗಿ ಎರಡು ವರ್ಷವಾಗಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು.

"ಹಾಗಾದ್ರೆ ನೀವು ನನ್ನನ್ನೂ ಬಿಡ್ತಿರಲಿಲ್ಲ," ಎಂದು ಅದನ್ನೆಲ್ಲ ಹೇಳಿದರು. "ನನ್ನ ಅಕ್ಕ ಒಳಗಿದ್ದಿದ್ರೆ ಈ ಬಾಗಿಲು ಒಡೆದಾದ್ರೂ ಹೋಗ್ತಿದ್ದೆ. ಗೊತ್ತಿಲ್ಲದವರಿಗೇ ಒಳಗೆ ಹೋಗೋ ಅಗತ್ಯ ಜಾಸ್ತಿ ಇದ್ರೆ?"

ಕಾವಲುಗಾರ ಹೊರಗಿನ ಬೆಂಚಿನ ಕಡೆ ನೋಡಿದ.

"ಆ ಮಗ ಎರಡು ಗಂಟೆ ತಲೆ ಎತ್ತಲಿಲ್ಲ," ಎಂದ. "ಅಮ್ಮಾ, ನಾನು ಮಾಡಿದ್ದು ತಪ್ಪಾ?"

ಸಮಾಧಾನದ ಮಾತು ಆಕೆಯ ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡರು.

"ದರ್ಜೀನ ಮೊದಲು ಬಿಟ್ಟಿದ್ದು ಸರಿ. ಆಮೇಲೂ ಮಗನ್ನ ಬಿಡದೇ ಇದ್ದದ್ದು ತಪ್ಪು."

ಕೆಲಸ ಹೋಗುತ್ತದೆಯೇ ಎಂದು ಆತ ಕೇಳಲೇ ಇಲ್ಲ. "ಅವನ ವಿಳಾಸ ನಿಮ್ಮ ಹತ್ರ ಇದೆಯಾ? ಹೋಗಿ ಹೇಳ್ಬೇಕು."

ಶುಕ್ರವಾರ ವರದಿ ಓದಿದ ಸಮಿತಿಯ ಕಾರ್ಯದರ್ಶಿ ತಲೆ ಕೆರೆದುಕೊಂಡರು. "ಮೇಡಂ, ತಪ್ಪು ಮಾಡಿದ್ದಾನೆ ಅಂತ ನೀವೇ ಬರೆದಿದ್ದೀರಿ. ಕೆಲಸದಲ್ಲಿ ಉಳಿಸಿ ಅಂತಲೂ ನೀವೇ ಬರೆದಿದ್ದೀರಿ."

"ಹೌದು. ಇಷ್ಟು ವರ್ಷ ಎಷ್ಟೋ ಜನರ ಮೇಲೆ ವರದಿ ಬರೆದಿದ್ದೀನಿ. 'ನಾನು ಮಾಡಿದ್ದು ತಪ್ಪಾ' ಅಂತ ಕೇಳಿದವನು ಇವನೊಬ್ಬನೇ. ಆ ಬಾಗಿಲನ್ನ ಇನ್ಯಾರ ಕೈಗೆ ಕೊಡ್ತೀರಿ?"

ಕಾರ್ಯದರ್ಶಿ ವರದಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿ, ಸಹಿ ಹಾಕಿದರು.