ಭಾವನವರ ಕೈಯಲ್ಲಿ ಕಿರುಚದ ಗೇರು

ನಮ್ಮ ಭಾವನವರಿಗೆ ಕಾರಿನ ಬಗ್ಗೆ ತಿಳಿಯದ್ದು ಏನೂ ಇರಲಿಲ್ಲ. ತಿಳಿದದ್ದು ಎಷ್ಟು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅಷ್ಟೆ. ಈ ಹಳೆಯ ಕಾರನ್ನು ಕೊಳ್ಳುವಾಗ ಅವರು ಬಾನೆಟ್ ಎತ್ತಿಸಿ, ಎಂಜಿನ್ನಿನ ಮುಂದೆ ಬೆನ್ನಹಿಂದೆ ಕೈಕಟ್ಟಿ ನಿಂತು, "ಹ್ಞೂಂ" ಎಂದಿದ್ದರು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಹಿಂದಿನ ಯಜಮಾನರು ಪ್ರೊಫೆಸರ್ ಆಗಿದ್ದರಂತೆ, ಹಾಗಾಗಿ ಗಾಡಿಯೂ ಶಿಸ್ತಿನದೇ ಎಂದು ತೀರ್ಪು ಕೊಟ್ಟರು.

ಆ ಶಿಸ್ತಿನ ಗಾಡಿ ನನ್ನ ನಾದಿನಿಯ ಕೈಯಲ್ಲಿ ಮಾತ್ರ ಕಿರುಚುತ್ತಿತ್ತು. ನಿಂತಲ್ಲಿ ಮೊದಲ ಗೇರಿಗೆ ಹಾಕಿದರೆ ಕರ್ರ್ ಎನ್ನುತ್ತಿತ್ತು. ರಿವರ್ಸ್ ಹಾಕಿದರಂತೂ ಎದುರು ಮನೆಯ ಕಿಟಕಿ ತೆರೆದುಕೊಳ್ಳುತ್ತಿತ್ತು. ಅದೇ ಭಾವನವರು ಕೂತರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

"ನೋಡಿದ್ಯಾ? ಬೆಣ್ಣೇಲಿ ಕೂದಲು ತೆಗೆದ ಹಾಗೆ. ನಿಂಗೆ ಕ್ಲಚ್ ಒತ್ತೋಕೇ ಬರಲ್ಲ ಕಣೇ."

"ಪೂರ್ತಿ ಒತ್ತುತೀನಿ ಅಣ್ಣ. ಗಾಡೀದೇ ಏನೋ ಇದೆ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

ನಾದಿನಿ ಊರಾಚೆಯ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಮೊದಲ ಬಸ್ಸು ಹೊರಡುವ ಹೊತ್ತಿಗೆ ಅವಳು ಅಲ್ಲಿ ರಕ್ತದ ಮಾದರಿಗಳನ್ನು ತೆಗೆದುಕೊಳ್ಳುತ್ತಿರಬೇಕು. ಕಾರು ಇಲ್ಲದಿದ್ದರೆ ಕೆಲಸವೂ ಇಲ್ಲ. ಇದು ಗೊತ್ತಿದ್ದೂ ಭಾವನವರು ಕಾರನ್ನು ಮಾರಿಬಿಡಲು ನಿರ್ಧರಿಸಿದ್ದರು. ಅವಳ ಕಾಲ್ಗುಣದಿಂದ ಗೇರ್ ಬಾಕ್ಸ್ ಹಾಳಾಗಿದೆ, ಪೂರ್ತಿ ಗುಜರಿಯಾಗುವ ಮೊದಲು ಸಾಗಹಾಕಬೇಕು ಎಂದರು. ನನ್ನ ಯಜಮಾನರು, ಅಣ್ಣ ಮಾತಾಡುವಾಗ ಎಂದಿನಂತೆ, ಓದಿ ಮುಗಿಸಿದ್ದ ಪತ್ರಿಕೆಯನ್ನೇ ಮತ್ತೆ ಬಿಡಿಸಿಕೊಂಡರು.

ಮೆಕ್ಯಾನಿಕ್ಕನೂ ಬಂದು ನೋಡಿದ. ನೋಡಿದ್ದು ಕಾರನ್ನಲ್ಲ, ಭಾವನವರ ಮುಖವನ್ನು.

"ಹೌದು ಸಾರ್. ಗೇರ್ ಬಾಕ್ಸೇ."

"ಕ್ಲಚ್ಚಿನ ತೊಂದರೆ ಇರಬಹುದಾ?" ಎಂದು ನಾನು ಕೇಳಿದೆ.

"ಇರಬಹುದು ಮೇಡಂ. ಆದ್ರೆ ಸಾರ್ ಹೇಳಿದ ಮೇಲೆ ಗೇರ್ ಬಾಕ್ಸೇ. ನಿಮಗ್ಯಾಕೆ ತಲೆನೋವು, ಭಾನುವಾರ ಗುಜರಿ ರೇಟಿಗೆ ನಾನೇ ತಗೊಂಡು ಹೋಗ್ತೀನಿ."

ಎಷ್ಟು ದೊಡ್ಡ ಮನಸ್ಸು. ಭಾವನವರಿಗೆ ಅದರಲ್ಲಿ ಗೌರವ ಮಾತ್ರ ಕಂಡಿತು.

ನಾನು ಗಾಡಿ ಓಡಿಸುವವಳಲ್ಲ. ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುವವಳು. ಆದ್ದರಿಂದ ಓಡಿಸುವವರ ಮುಖಕ್ಕಿಂತ ಅವರ ಕಾಲುಗಳೇ ನನಗೆ ಹೆಚ್ಚು ಪರಿಚಿತ. ನಾದಿನಿ ಕ್ಲಚ್ಚನ್ನು ಅರ್ಧ ಒತ್ತುವವಳಲ್ಲ ಎಂದು ನನಗೆ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಭಾವನವರು ಗೊರಕೆ ಹೊಡೆಯುತ್ತಿದ್ದಾಗ ಇಬ್ಬರೂ ಹೋಗಿ, ಅಂಗಳದಲ್ಲಿ ನಿಂತಿದ್ದ ಕಾರಿನಲ್ಲಿ ಕೂತೆವು.

"ಎಂಜಿನ್ ಆಫ್ ಇರಲಿ. ಹಾಗೇ ಒಂದೊಂದೇ ಗೇರ್ ಹಾಕಿ ನೋಡು" ಎಂದೆ.

ಎಲ್ಲವೂ ಸದ್ದಿಲ್ಲದೆ ಬಿದ್ದವು. ಎಂಜಿನ್ ಆನ್ ಮಾಡಿ ರಿವರ್ಸಿಗೆ ತಂದಳು. ಕರ್ರ್.

ಅವಳು ತಟ್ಟನೆ ಆಫ್ ಮಾಡಿದಳು. "ಗೇರಿನ ಹಲ್ಲೇ ಹೋಗಿದ್ರೆ ಆಫ್ ಇದ್ದಾಗ್ಲೂ ಒರಟಾಗಿರ್ಬೇಕಿತ್ತು ಅಲ್ವಾ ಅತ್ತಿಗೆ? ಎಂಜಿನ್ ತಿರುಗುವಾಗ ಮಾತ್ರ ಕಿರುಚುತ್ತೆ ಅಂದ್ರೆ ಕ್ಲಚ್ಚು ಎಂಜಿನ್ನಿಂದ ಗೇರನ್ನ ಪೂರ್ತಿ ಬಿಡಿಸ್ತಿಲ್ಲ."

"ತಳದವರೆಗೂ ಒತ್ತಿದ್ಯಾ?"

"ತಾಗಿದೆ, ನೋಡಿ."

ಬಗ್ಗಿ ನೋಡಿದೆ. ಪೆಡಲ್ ತಾಗಿದ್ದು ತಳಕ್ಕಲ್ಲ, ಮ್ಯಾಟಿಗೆ. ಹಜಾರಕ್ಕೆ ಹಾಸಿದ ಕಾರ್ಪೆಟ್ಟಿನಲ್ಲಿ ಉಳಿದ ತುಂಡನ್ನು ಭಾವನವರು ಅಳತೆಗೆ ಕತ್ತರಿಸಿ, ಎರಡು ಪದರ ಹೊಲಿಸಿ ಹಾಸಿದ್ದರು. ಹಾಸಿಗೆಯಷ್ಟು ದಪ್ಪ. ಪೆಡಲ್ ಅದರಲ್ಲಿ ಹೂತು ಅಲ್ಲೇ ನಿಂತಿತ್ತು. ಸವೆದ ಹಳೆಯ ಕ್ಲಚ್ಚಿಗೆ ಬೇಕಾದ ಕೊನೆಯ ಬೆರಳಗಲ ಅದರಡಿಯಲ್ಲಿ ಉಳಿದುಹೋಗಿತ್ತು. ನೆಲ ನಿಜವಾಗಿಯೂ ಡೊಂಕಾಗಿತ್ತು.

ಹಾಗಾದರೆ ಭಾವನವರಿಗೆ ಯಾಕೆ ಕಿರುಚುವುದಿಲ್ಲ? ಅವರು ಕೂರುವುದನ್ನು ನೆನೆದ ಕೂಡಲೇ ನಗು ಬಂತು. ತಮ್ಮ ಬೂಟಿನ ಧೂಳು ತಾಗೀತೆಂದು ಅವರು ಪ್ರತಿಸಲವೂ ಮ್ಯಾಟನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿ ಕೂರುತ್ತಿದ್ದರು. ಇಳಿದ ಮೇಲೆ ಜೋಪಾನವಾಗಿ ಮತ್ತೆ ಹಾಸುತ್ತಿದ್ದರು.

ನಾದಿನಿ ಮ್ಯಾಟನ್ನು ಎಳೆದು ಹಾಕಿ ಮತ್ತೆ ಎಂಜಿನ್ ಆನ್ ಮಾಡಿದಳು. ರಿವರ್ಸ್ ಮೆತ್ತಗೆ ಬಿತ್ತು. ಅವಳು ಎಂಜಿನ್ ಆಫ್ ಮಾಡಿ ಬಾಗಿಲು ತೆರೆದಳು.

"ಈಗ್ಲೇ ಎಬ್ಬಿಸಿ ಹೇಳ್ತೀನಿ."

"ಹೇಳಿದ್ರೆ ಒಪ್ಪುತ್ತಾರಾ? ಅವರ ಕಾಲೇ ಹೇಳ್ಲಿ" ಎಂದೆ. ಮ್ಯಾಟನ್ನು ಮೊದಲಿದ್ದಂತೆಯೇ ಹಾಸಿದೆವು.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ಕ ಹೊಸ ಅಂಗಿ ತೊಟ್ಟು ಬಂದ. ಕಾರನ್ನು ಹೊರಗೆ ತೆಗೆಯಲು ಬಾಗಿಲು ತೆರೆದ ಭಾವನವರು ಎರಡು ಬೆರಳಲ್ಲಿ ಮ್ಯಾಟಿನ ತುದಿ ಹಿಡಿದರು.

"ಭಾವ, ಅದು ಅಲ್ಲೇ ಇರಲಿ" ಎಂದೆ.

"ಕೊಳೆ ಆಗುತ್ತಮ್ಮ."

"ನಾನು ಒಗೀತೀನಿ, ಬಿಡಿ."

ಒಗೆಯುವವರು ಸಿಕ್ಕ ಮೇಲೆ ಅವರಿಗೇನು ಕಷ್ಟ? ಕೂತರು, ರಿವರ್ಸಿಗೆ ತಂದರು. ಕರ್ರ್. ಎದುರು ಮನೆಯ ಕಿಟಕಿ ತೆರೆಯಿತು. ಇನ್ನೊಮ್ಮೆ ಹಾಕಿದರು, ಇನ್ನೂ ಜೋರಾಗಿ ಕಿರುಚಿತು. ಈಗಲಾದರೂ ಮುಖ ಸಣ್ಣದಾದೀತು ಎಂದುಕೊಂಡೆ. ನಾನು ಅವರನ್ನು ಕಡಿಮೆ ಅಂದಾಜು ಮಾಡಿದ್ದೆ.

"ನೋಡಿದ್ರಾ? ಗೇರ್ ಬಾಕ್ಸ್ ಹೋಗಿದೆ ಅಂತ ನಾನು ಮೊದಲಿಂದ್ಲೂ ಹೇಳ್ತಿರ್ಲಿಲ್ವಾ?"

"ಹೌದು ಸಾರ್" ಎಂದ ಮೆಕ್ಯಾನಿಕ್ಕ.

"ಸ್ವಲ್ಪ ಇಳೀರಿ ಅಣ್ಣ" ಎಂದಳು ನಾದಿನಿ. ಅವರು ಇಳಿದ ಮೇಲೆ ಮ್ಯಾಟನ್ನು ಎಳೆದು ಮೆಕ್ಯಾನಿಕ್ಕನ ಕೈಗಿಟ್ಟಳು. ಕೂತು ರಿವರ್ಸ್ ಹಾಕಿ ಗೇಟಿನವರೆಗೆ ಹೋದಳು, ಮೊದಲ ಗೇರಿನಲ್ಲಿ ಮುಂದೆ ಬಂದು ನಿಲ್ಲಿಸಿದಳು. ಒಂದು ಕರ್ರ್ ಕೂಡ ಇಲ್ಲ. ಮೆಕ್ಯಾನಿಕ್ಕ ಮ್ಯಾಟನ್ನು ಬೇರೆಯವರ ಮಗುವಿನಂತೆ ಎತ್ತಿಕೊಂಡು ನಿಂತಿದ್ದ.

ಭಾವನವರು ಗಂಟಲು ಸರಿಮಾಡಿಕೊಂಡರು. "ಮ್ಯಾಟು ದಪ್ಪ ಆಯ್ತು ಅಂತ ನಾನೇ ಹೇಳ್ಬೇಕು ಅಂತಿದ್ದೆ."

"ಯಾರಿಗೆ ಭಾವ?" ಎಂದು ಕೇಳಿದೆ. ಅವರಿಗೆ ಬಾನೆಟ್ಟಿನ ಮೇಲೆ ಏನೋ ಧೂಳು ಕಂಡಿತು.

"ಏನೇ ಆದ್ರೂ ಹಳೇ ಗಾಡಿ. ಮಾತು ಕೊಟ್ಟಾಗಿದೆ. ಕೀ ಕೊಡು."

ನಾದಿನಿ ಎಂಜಿನ್ ಆಫ್ ಮಾಡಲಿಲ್ಲ. "ನಾಳೆ ಡ್ಯೂಟಿ ಇದೆ ಅಣ್ಣ, ಕೀ ನನ್ನ ಹತ್ರಾನೇ ಇರುತ್ತೆ. ಮಾತು ನೀವು ಕೊಟ್ಟಿದ್ದು, ನೀವೇ ವಾಪಸ್ ತಗೊಳ್ಳಿ." ಆಮೇಲೆ ನನ್ನ ಕಡೆ ತಿರುಗಿ, "ಕ್ಲಚ್ ತೀರಾ ತಳದಲ್ಲಿ ಬಿಡಿಸುತ್ತೆ, ಕೇಬಲ್ ಬಿಗಿ ಮಾಡಿಸ್ಬೇಕು. ಬೇರೆ ಗ್ಯಾರೇಜಿಗೆ ಹೋಗೋಣ, ಬರ್ತೀರಾ ಅತ್ತಿಗೆ?" ಎಂದಳು.

ನಾನು ಹೋಗಿ ಕೂತು ಬೆಲ್ಟ್ ಹಾಕಿಕೊಂಡೆ. ಭಾವನವರು ಒಂದು ಗಳಿಗೆ ಚಾಚಿದ ಕೈಯಲ್ಲೇ ನಿಂತಿದ್ದರು. ನಂತರ ಲಗುಬಗೆಯಿಂದ ಗೇಟಿನ ಬಳಿ ಹೋಗಿ, ಎದುರು ಮನೆಯ ಕಿಟಕಿಗೆ ಕೇಳುವಂತೆ, "ಬಾ, ಬಾ, ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಅದೇ ಕೈಯಿಂದ ದಾರಿ ತೋರಿಸತೊಡಗಿದರು.

ನಾದಿನಿ ಕನ್ನಡಿ ನೋಡಿಕೊಂಡು ನೇರವಾಗಿ ಹಿಂದಕ್ಕೆ ಬಂದಳು. ಅವರೇ ಪಕ್ಕಕ್ಕೆ ಸರಿದರು.