ಹದಿನಾಲ್ಕು ಚಳಿಗಾಲ

ಸಮಾಧಿಯ ದಿಬ್ಬಕ್ಕೆ ಹೋಗುವ ದಾರಿಯ ಹಿಮವನ್ನು ಎರಡನೆಯ ಸಲ ತಳ್ಳಿ ಮುಗಿಸಿ ಆರ್ವಿಡ್ ಲಾರಿಯಿಂದ ಇಳಿದಾಗ, ಕನ್ಯಾಮಠದ ಅಡುಗೆಮನೆಯ ಬಾಗಿಲಲ್ಲಿ ಸಿಸ್ಟರ್ ಗರ್ಟ್ರೂಡ್ ಕಾಫಿ ಹಿಡಿದು ನಿಂತಿದ್ದಳು.

"ಗಾಳಿ ನಿಲ್ಲೋ ಹಾಗಿಲ್ಲ, ಸಿಸ್ಟರ್. ಪೂಜೆ ಮುಗಿಯೋ ಹೊತ್ತಿಗೆ ಮತ್ತೆ ತುಂಬ್ಕೊಳ್ಳತ್ತೆ. ಆಗ ಇನ್ನೊಂದು ಸಲ ತಳ್ತೀನಿ."

"ಒಳಗೆ ಬನ್ನಿ, ಬೆಚ್ಚಗಿದೆ."

"ನಾನು ಲೂಥರನ್ ಚರ್ಚಿನವನು. ಯಾವಾಗ ಏಳ್ಬೇಕು, ಯಾವಾಗ ಮಂಡಿಯೂರ್ಬೇಕು, ನಿಮ್ಮದೊಂದೂ ತಿಳಿಯಲ್ಲ."

"ಎಲ್ಡನ್ ಪಕ್ಕ ಕೂತ್ಕೊಳ್ಳಿ. ಅವರು ಮಾಡಿದ ಹಾಗೆ ಮಾಡಿ."

ಆರ್ವಿಡ್ ಅಂಗಳದ ಕಡೆ ತಿರುಗಿ ನೋಡಿದ. ತೀರಿಕೊಂಡ ಸಿಸ್ಟರ್ ವೆರ್ನಾಳ ಅಣ್ಣ ಎಲ್ಡನ್ ತನ್ನ ಪಿಕಪ್ ಗಾಡಿಯೊಳಗೆ ಎಂಜಿನ್ ಆರಿಸದೆ ಕೂತಿದ್ದ. ಬಂದು ಅರ್ಧ ಗಂಟೆಯಾಗಿತ್ತು. ಇಳಿದಿರಲಿಲ್ಲ.

"ಅವನು ಇವತ್ತು ಮಂಡಿಯೂರೋ ಥರ ಕಾಣ್ತಿಲ್ಲ," ಎಂದ ಆರ್ವಿಡ್.

ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಆರ್ವಿಡ್ ಇಪ್ಪತ್ತಾರು ವರ್ಷ ಮೇಸ್ತ್ರಿಯಾಗಿದ್ದವನು. ಹಿಮ ತಳ್ಳುವ ಲಾರಿಯ ಮೇಲೆ ವೆರ್ನಾ ಅವನ ಕೈಕೆಳಗೆ ಹದಿನಾಲ್ಕು ಚಳಿಗಾಲ ದುಡಿದಿದ್ದಳು. ಆಮೇಲೆ ಎಂಟು ವರ್ಷ ಈ ಮಠದಲ್ಲಿ ಸಿಸ್ಟರ್ ವೆರ್ನಾ ಆಗಿದ್ದಳು. ಐವತ್ತಕ್ಕೆ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಮಂಗಳವಾರ ತೀರಿಕೊಂಡಿದ್ದಳು. ಪೈನ್ ಹಲಗೆಯ ಶವಪೆಟ್ಟಿಗೆ ಈಗ ಪ್ರಾರ್ಥನಾಲಯದಲ್ಲಿತ್ತು.

ಮಠದ ಹಿರಿಯಳಾದ ಮದರ್ ಅಡೆಲಿಂಡ್ ಕೋಲೂರಿಕೊಂಡು ಹಿಮದಲ್ಲಿ ಪಿಕಪ್‌ವರೆಗೆ ನಡೆದು ಹೋದಳು. ಎಪ್ಪತ್ನಾಲ್ಕು ವರ್ಷ. ಎಲ್ಡನ್ ಗಾಜು ಇಳಿಸಿದ.

"ಒಳಗೆ ಬಾರಪ್ಪ. ತಂಗಿ ಪಕ್ಕದಲ್ಲಿ ಕೂತ್ಕೊ."

"ಒಂದು ಮಾತು ಕೇಳ್ತೀನಿ, ಮದರ್. ಹದಿನಾಲ್ಕು ವರ್ಷ ಬಾಗಿಲಾಚೆ ನಿಲ್ಲಿಸಿದ್ರಿ. ಎಂಟೇ ವರ್ಷ ಒಳಗಿಟ್ಕೊಂಡ್ರಿ. ನಿಲ್ಲಿಸಿದ್ದೂ ಅವಳ ಸಾಲದ ದುಡ್ಡಿಗೋಸ್ಕರ. ಬ್ಯಾಂಕಿನವರಿಗೂ ನಿಮಗೂ ಏನು ವ್ಯತ್ಯಾಸ?"

ಮದರ್ ಕೋಪಿಸಿಕೊಳ್ಳಲಿಲ್ಲ. "ನಿಲ್ಲಿಸಿದ್ದು ನಿಜ," ಎಂದಳು. "ಅದನ್ನ ನಾನು ಇಲ್ಲ ಅನ್ನಲ್ಲ."

ಜಗಳಕ್ಕೆ ಸಿದ್ಧನಾಗಿದ್ದ ಎಲ್ಡನ್ ಎಂಜಿನ್ ಆರಿಸಿದ.

*

ವೆರ್ನಾ ಮೊದಲ ಸಲ ಮಠಕ್ಕೆ ಬಂದಾಗ ಅವಳಿಗೆ ಇಪ್ಪತ್ತೆಂಟು. ಅತಿಥಿಗಳ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ತನಗೆ ದೈವಕರೆ ಬಂದಿದೆ, ಇದೇ ಚಳಿಗಾಲದಲ್ಲಿ ಸೇರಬೇಕು ಎಂದಳು.

"ಸಾಲ ಏನಾದ್ರೂ ಇದೆಯಾ?" ಮದರ್ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ.

"ಕಾಲೇಜಿನದು. ಅರವತ್ತೆಂಟು ಸಾವಿರ ಡಾಲರ್."

"ಏನಮ್ಮ ಓದಿದ್ದು, ಡಾಕ್ಟರಿಕೆಯಾ?"

"ಇಲ್ಲ. ಚರ್ಚಿನಲ್ಲಿ ನುಡಿಸೋ ಆರ್ಗನ್."

ಮದರ್‌ಗೆ ನಗು ತಡೆಯಲಾಗಲಿಲ್ಲ. ವೆರ್ನಾ ಕೂಡ ನಕ್ಕಳು, ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

"ನೋಡು, ಇಲ್ಲಿ ಹನ್ನೊಂದು ಜನ ಇದೀವಿ. ಮೇಣದಬತ್ತಿ ಮಾರ್ತೀವಿ, ಜೇನು ಮಾರ್ತೀವಿ. ಹೋದ ವರ್ಷ ಸೋರೋ ಛಾವಣಿ ಸರಿ ಮಾಡ್ಸೋಕೇ ಆಗಲಿಲ್ಲ. ನೀನು ಒಳಗೆ ಬಂದ್ಮೇಲೆ ನಿನ್ನ ಕೈಯಲ್ಲಿ ಕಾಸಿರಲ್ಲ. ಕಂತು ಕಟ್ಟೋರು ಯಾರು? ತೀರಿಸ್ಕೊಂಡು ಬಾ."

"ಎಷ್ಟು ವರ್ಷ ಆದ್ರೂ ಬರಬಹುದಾ?"

"ನಾನು ಬದುಕಿದ್ರೆ ನಾನೇ ಬಾಗಿಲು ತೆಗೀತೀನಿ."

ಹಾಗೆ ಹೋದವರಲ್ಲಿ ಹೆಚ್ಚಿನವರು ಮರಳುವುದಿಲ್ಲವೆಂದು ಮದರ್‌ಗೆ ಗೊತ್ತಿತ್ತು. ಕೆಲವರಿಗೆ ಮದುವೆಯಾಗುತ್ತದೆ, ಕೆಲವರಿಗೆ ಸಾಕಾಗುತ್ತದೆ. ಆರ್ಗನ್ ಓದಿದ ಈ ಹುಡುಗಿಗೂ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಿ ಸುಮ್ಮನಾದಳು.

*

ಪೂಜೆಗೆ ಇನ್ನೂ ಹೊತ್ತಿತ್ತು. ಆರ್ವಿಡ್ ಬಂದು ಎಲ್ಡನ್ ಪಕ್ಕದಲ್ಲಿ ಬೆಂಚಿನ ಮೇಲೆ ಕೂತ. ಹಿಂದಿನ ಸಾಲಿನಲ್ಲಿ ರಸ್ತೆ ಇಲಾಖೆಯ ಏಳು ಜನ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇವಳಿಗೆ ಲಾರಿ ಕೆಲಸ ಯಾಕೆ ಕೊಟ್ಟೆ ನೀನು?" ಎಲ್ಡನ್ ಪಿಸುದನಿಯಲ್ಲಿ ಕೇಳಿದ.

"ಅರ್ಜಿ ಹಾಕಿದವಳು ಇವಳೊಬ್ಬಳೇ. ಮೊದಲ ವಾರದಲ್ಲೇ ರಸ್ತೆ ಬದಿಯ ಮೂರು ಮನೆಗಳ ಅಂಚೆಪೆಟ್ಟಿಗೆ ಉರುಳಿಸಿದ್ಲು. ಹೋಗಿ ತಾನೇ ಕ್ಷಮೆ ಕೇಳಿ, ಮೂರನ್ನೂ ನೆಟ್ಟು ಬಂದ್ಲು."

ಎಲ್ಡನ್‌ನ ತುಟಿ ಸ್ವಲ್ಪ ಅಲುಗಿತು. "ಆ ಹದಿನಾಲ್ಕರಲ್ಲಿ ಎಂಟು ವರ್ಷ ನನ್ನ ಮನೆ ನೆಲಮಾಳಿಗೆಯಲ್ಲೇ ಇದ್ಲು. ಮೊಟ್ಟೆ, ಆಲೂಗೆಡ್ಡೆ, ಮೊಟ್ಟೆ. ನನ್ನ ಕೊಯ್ಲಿನ ಯಂತ್ರ ಮಾರಿ ಕೊಡ್ತೀನಿ ಅಂದೆ. ‘ನಿನ್ನ ಮಕ್ಕಳ ಓದಿಗೆ ಇಟ್ಕೊ, ಇಲ್ದಿದ್ರೆ ಅವರೂ ನಿನ್ನ ನೆಲಮಾಳಿಗೆಗೇ ಬರ್ತಾರೆ’ ಅಂದ್ಲು."

"ರೇಡಿಯೋ ಕತೆ ನಿನಗೆ ಹೇಳಿದ್ಲಾ?"

"ಯಾವ ರೇಡಿಯೋ?"

*

ಅದು ನಾಲ್ಕನೆಯ ಚಳಿಗಾಲ, ಫೆಬ್ರವರಿಯ ಒಂದು ಮಧ್ಯಾಹ್ನ. ಮುಂದಿನ ಕಂಬ ಕಾಣದಷ್ಟು ಹಿಮಗಾಳಿ. ಜಿಲ್ಲೆಯ ಒಂಬತ್ತು ಲಾರಿಗಳೂ ರಸ್ತೆಯಲ್ಲಿದ್ದವು. ವೆರ್ನಾಳ ಲಾರಿಯಲ್ಲಿ, ಲಾರಿಯವರು ಪರಸ್ಪರ ಮಾತಾಡುವ ರೇಡಿಯೋದ ಗುಂಡಿ ಕಾಫಿ ಫ್ಲಾಸ್ಕಿನಡಿಗೆ ಸಿಕ್ಕಿ ಒತ್ತಿಕೊಂಡುಬಿಟ್ಟಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಸನ್ಯಾಸಿನಿಯರು ಸಂಜೆ ಹಾಡುವ ಕೀರ್ತನೆಗಳನ್ನು ದಿನವೂ ಹಾಡುವಂತೆ ಅಂದೂ ಹಾಡತೊಡಗಿದಳು. ಉಳಿದ ಎಂಟು ಲಾರಿಯವರಿಗೂ ಕೇಳಿತು. ಆ ಗುಂಡಿ ಬಿಡುವವರೆಗೆ ಬೇರೆ ಯಾರೂ ರೇಡಿಯೋದಲ್ಲಿ ಮಾತಾಡುವಂತಿರಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ಫ್ಲಾಸ್ಕ್ ಎತ್ತಿದಳು. ಗುಂಡಿ ಬಿಟ್ಟಿತು.

"ವೆರ್ನಾ," ಎಂದು ಆರ್ವಿಡ್‌ನ ದನಿ ಬಂತು, "ಮುಗೀತಾ?"

ಅವಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು. "ಎಲ್ಲಾ ಕೇಳಿಸ್ತಾ?"

"ಕೇಳಿಸ್ತು. ಎರಡನೇದು ಸ್ವಲ್ಪ ಶ್ರುತಿ ಬಿಟ್ಟಿತ್ತು. ಅಷ್ಟು ಸಾಲ ಮಾಡಿ ಕಲಿತದ್ದು ಇದೇನಾ?"

ಅವತ್ತು ಸಂಜೆ ಶೆಡ್ಡಿಗೆ ಬಂದವಳು ನಾಚಿ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಮುಂದಿನ ಹಿಮಗಾಳಿಯ ದಿನ, ಏನೂ ಕಾಣದ ರಸ್ತೆಯ ನಡುವೆ ಯಾರೋ ಒಬ್ಬ ರೇಡಿಯೋದಲ್ಲಿ ಕೇಳಿದ: "ವೆರ್ನಾ, ಇವತ್ತು ಇಲ್ವಾ?"

*

"ಆಮೇಲೆ?" ಎಂದ ಎಲ್ಡನ್.

"ಆಮೇಲೇನು. ಕೆಟ್ಟ ಗಾಳಿ ಇದ್ದ ದಿನ ಹಾಡ್ತಿದ್ಲು. ಹತ್ತು ಚಳಿಗಾಲ. ಅವಳು ಬಿಟ್ಟುಹೋದ ವರ್ಷ ನಮ್ಮವರಿಗೆ ದಾರಿ ಉದ್ದ ಆಗಿಬಿಡ್ತು," ಎಂದು ಆರ್ವಿಡ್ ಮೂಗೊರೆಸಿಕೊಂಡ.

ಗಂಟೆ ಬಾರಿಸಿತು. ಪೂಜೆಯುದ್ದಕ್ಕೂ ಎಲ್ಡನ್ ಮಂಡಿಯೂರಿದಾಗ ಆರ್ವಿಡ್ ಅರ್ಧ ಕ್ಷಣ ತಡವಾಗಿ ಊರುತ್ತಿದ್ದ. ದಿಬ್ಬದ ಮೇಲೆ ಸಮಾಧಿಗಾಗಿ ಎರಡು ದಿನ ಬೆಂಕಿ ಹಾಕಿ ಹೆಪ್ಪುಗಟ್ಟಿದ ನೆಲ ಕರಗಿಸಿದ್ದರು. ರಸ್ತೆ ಇಲಾಖೆಯವರೇ ಪೆಟ್ಟಿಗೆ ಹೊತ್ತರು. ಮಣ್ಣು ಹೆಂಟೆಹೆಂಟೆಯಾಗಿ ಹಲಗೆಯ ಮೇಲೆ ಬಿತ್ತು.

ಊಟದ ಕೋಣೆಯಲ್ಲಿ ಆಲೂಗೆಡ್ಡೆ, ಹಿಟ್ಟಿನುಂಡೆ ಹಾಕಿದ ಬಿಸಿ ಸೂಪು ಬಡಿಸಿದ್ದರು. ಎಲ್ಡನ್ ಚಮಚ ಮುಟ್ಟಿರಲಿಲ್ಲ. ಗರ್ಟ್ರೂಡ್ ಎದುರಿಗೆ ಬಂದು ಕೂತಳು. ಮೂವತ್ತಾರರ ಹೆಂಗಸು, ಅತ್ತತ್ತು ಕಣ್ಣು ಊದಿತ್ತು.

"ನೀವು ಮದರ್‌ಗೆ ಬೈದ್ರಂತೆ."

"ಬೈದೆ."

"ಬೈಯೋದಾದ್ರೆ ನನ್ನನ್ನ ಬೈಯಿರಿ. ನಿಮ್ಮ ತಂಗಿ ಹದಿನಾಲ್ಕು ವರ್ಷ ಕಾಯ್ಬೇಕಾಗಿರಲಿಲ್ಲ. ಒಂಬತ್ತಕ್ಕೇ ಬರಬಹುದಿತ್ತು."

*

ಒಂಬತ್ತನೆಯ ವರ್ಷದ ಕೊನೆಗೆ ಮದರ್ ಅಡೆಲಿಂಡ್ ತಾನೇ ರಸ್ತೆ ಇಲಾಖೆಯ ಶೆಡ್ಡಿಗೆ ಬಂದಿದ್ದಳು. ವೆರ್ನಾ ಲಾರಿಯ ಮುಂದೆ ನೆಲದ ಮೇಲೆ ಮಲಗಿ, ಹಿಮ ತಳ್ಳುವ ಸವೆದ ಬ್ಲೇಡು ಬಿಚ್ಚುತ್ತಿದ್ದಳು.

"ವೆರ್ನಾ, ಇನ್ನು ಎಷ್ಟು ಉಳಿದಿದೆ?"

"ಇಪ್ಪತ್ತೇಳು ಸಾವಿರ. ಮೊದಲ ನಾಲ್ಕು ವರ್ಷ ಬಡ್ಡಿಗೇ ಹೋಯ್ತು."

"ಒಂದು ಕುಟುಂಬದವರು ಮಠ ಸೇರೋಕೆ ಕಾಯ್ತಿರೋ ಒಬ್ಬರ ಸಾಲ ತೀರಿಸ್ತೀವಿ ಅಂದಿದಾರೆ. ಒಬ್ಬರದ್ದು ಮಾತ್ರ. ನೀನಿದೀಯ, ಇನ್ನೊಬ್ಬಳು ಗರ್ಟ್ರೂಡ್ ಅಂತ ಇಪ್ಪತ್ಮೂರು ವರ್ಷದ ಹುಡುಗಿ. ಅವಳದ್ದೂ ಹೆಚ್ಚುಕಡಿಮೆ ಅಷ್ಟೇ. ಸರದಿ ನಿನ್ನದು. ಅದಕ್ಕೇ ಹೇಳೋಕೆ ಬಂದೆ."

ವೆರ್ನಾ ಎದ್ದು ಕೂತಳು. ಮುಖದ ಮೇಲೆಲ್ಲ ಗ್ರೀಸು. ಸ್ವಲ್ಪ ಹೊತ್ತು ಅವಳ ಮುಖದಲ್ಲಿದ್ದದ್ದು ಸಂತೋಷವೇ. ಅದನ್ನು ಮದರ್ ಎಂದೂ ಮರೆಯಲಿಲ್ಲ.

"ಅವಳೇನು ಮಾಡ್ತಾಳೆ?"

"ಹೋಟೆಲಲ್ಲಿ ಬಡಿಸ್ತಾಳೆ."

"ಆ ಸಂಬಳದಲ್ಲಿ ತೀರಿಸೋಕೆ ಇಪ್ಪತ್ತು ವರ್ಷ ಬೇಕು. ನನಗೆ ಐದು ಸಾಕು." ಮತ್ತೆ ಮಲಗಿ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು. "ಇನ್ನೂ ಐದು ವರ್ಷ ನಾನು ಕಾಯ್ತೀನಿ ಅಂತ ನನಗೆ ಗೊತ್ತು, ಮದರ್. ಆ ಹುಡುಗಿ ಕಾಯ್ತಾಳೋ ಇಲ್ವೋ ನನಗೆ ಗೊತ್ತಿಲ್ಲ. ಅವಳಿಗೆ ಕೊಡಿ. ನನ್ನ ಹೆಸರು ಹೇಳ್ಬೇಡಿ."

ಮದರ್ ಹೋದ ಮೇಲೆ ವೆರ್ನಾ ಲಾರಿ ಹತ್ತಿ, ಎಂಜಿನ್ ಹಾಕದೆ ಬಹಳ ಹೊತ್ತು ಕೂತಿದ್ದಳು. ಏನಾಯಿತೆಂದು ಆರ್ವಿಡ್ ಕೇಳಿದ್ದಕ್ಕೆ, ಬೋಲ್ಟು ಜಾರಿ ಕೈಗೆ ಬಡಿಯಿತು ಎಂದಳು. ಕೈಗೆ ಏನೂ ಆಗಿರಲಿಲ್ಲ.

*

"ನನಗೆ ಗೊತ್ತಾಗಿದ್ದು ಹೋದ ವಾರ," ಎಂದಳು ಗರ್ಟ್ರೂಡ್. "ಮದರ್‌ಗೆ ತಡ್ಕೊಳ್ಳೋಕೆ ಆಗಲಿಲ್ಲ, ಹೇಳ್ಬಿಟ್ರು. ಓಡಿಹೋಗಿ ಅವಳ ಮಂಚದ ಹತ್ರ ಕೂತೆ. ಮೊದಲು ಸೇರಿದವಳು ಅಂತ ಎಂಟು ವರ್ಷದಿಂದ ನಾನು ಹಿರಿಯಳು, ಅವಳು ಕಿರಿಯಳು. ಬಟ್ಟೆ ಸರಿಯಾಗಿ ಮಡಿಸಿಲ್ಲ, ಪಾತ್ರೆಯಲ್ಲಿ ಜಿಡ್ಡಿದೆ ಅಂತ ಎಷ್ಟು ಬೈದಿದೀನಿ. ಯಾಕೆ ಹೇಳಲಿಲ್ಲ ಅಂದೆ."

"ಏನಂದ್ಲು?"

"‘ಹೇಳಿದ್ರೆ ನೀನು ಬೈಯೋದು ನಿಲ್ಲಿಸ್ತಿದ್ದೆ. ಪಾತ್ರೆ ಜಿಡ್ಡಾಗೇ ಇರ್ತಿತ್ತು’ ಅಂದ್ಲು."

ಎಲ್ಡನ್ ನಕ್ಕ. ನಗು ನಡುವೆಯೇ ಒಡೆಯಿತು. ಕೈಯಿಂದ ಮುಖ ಮುಚ್ಚಿಕೊಂಡ. ಸೂಪು ಆರುವವರೆಗೆ ಗರ್ಟ್ರೂಡ್ ಕಾದಳು.

"ಆ ಐದು ವರ್ಷ ಇದ್ದಿದ್ರೆ ಇಲ್ಲಿ ಅವಳದ್ದು ಎಂಟಲ್ಲ, ಹದಿಮೂರಾಗ್ತಿತ್ತು," ಎಂದ ಕೊನೆಗೆ.

"ಹೌದು. ಆ ಐದು ನನ್ನ ಹತ್ರ ಇವೆ. ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ."

ಜನ ಹೊರಟರು. ಕತ್ತಲಾಗುವ ಮೊದಲು ಊರು ಸೇರಬೇಕಾಗಿತ್ತು. ಎಲ್ಡನ್ ಮಾತ್ರ ಉಳಿದ. ಸಂಜೆಯ ಪ್ರಾರ್ಥನೆಗೆ ಸಿಸ್ಟರುಗಳು ಸಾಲಾಗಿ ಪ್ರಾರ್ಥನಾಲಯಕ್ಕೆ ನಡೆಯುವಾಗ ಮದರ್ ಅವನಿಗೆ ಹಿಂದಿನ ಬೆಂಚು ತೋರಿಸಿದಳು. ಅವನು ಎದುರಿನ ಪೀಠಗಳನ್ನು ನೋಡುತ್ತಿದ್ದ.

"ಅವಳು ಎಲ್ಲಿ ಕೂರ್ತಿದ್ಲು?"

"ಅಲ್ಲಿ, ಗರ್ಟ್ರೂಡ್‌ಗಿಂತ ಒಂದು ಪೀಠ ಕೆಳಗೆ. ನಮ್ಮಲ್ಲಿ ವಯಸ್ಸು ನೋಡಲ್ಲ, ಮೊದಲು ಬಂದವರು ಮೇಲೆ. ಐದು ವರ್ಷ ಮುಂಚೆ ಬಂದಿದ್ರೆ ಆ ಮೇಲಿನ ಪೀಠ ಅವಳದ್ದೇ. ಯಾರಾದ್ರೂ ಹೋದ್ರೆ ಅವರಿಗಿಂತ ಕೆಳಗಿನವರು ಒಂದೊಂದು ಪೀಠ ಮೇಲೆ ಬರ್ತಾರೆ."

ಮದರ್ ಹೋಗಿ ತನ್ನ ಪೀಠದಲ್ಲಿ ನಿಂತಳು. ವೆರ್ನಾಳ ಪೀಠ ಖಾಲಿಯಿತ್ತು. ಅದರ ಕೆಳಗಿನ ಇಬ್ಬರು ಕಿರಿಯ ಸಿಸ್ಟರುಗಳು ಪುಸ್ತಕ ಎತ್ತಿಕೊಂಡು, ಮೇಲೆ ಸರಿಯಲು ಸಿದ್ಧರಾಗಿ ನಿಂತಿದ್ದರು.

ಗರ್ಟ್ರೂಡ್ ತನ್ನ ಪುಸ್ತಕವನ್ನು ಎದೆಗವಚಿಕೊಂಡು ತನ್ನ ಪೀಠ ಬಿಟ್ಟು, ಒಂದು ಮೆಟ್ಟಿಲಿಳಿದು ವೆರ್ನಾಳ ಪೀಠದಲ್ಲಿ ನಿಂತಳು. ಅವಳು ಬಿಟ್ಟು ಬಂದ ಮೇಲಿನ ಪೀಠ ಖಾಲಿ ಉಳಿಯಿತು.

ಕಿರಿಯರಿಬ್ಬರೂ ಮದರ್‌ನ ಮುಖ ನೋಡಿದರು. ಮದರ್ ಕನ್ನಡಕ ಏರಿಸಿಕೊಂಡು, ಪುಟ ತಿರುವಿ, ಮೊದಲ ಕೀರ್ತನೆ ಎತ್ತಿಕೊಂಡಳು. ಅವರಿಬ್ಬರೂ ಪುಸ್ತಕಗಳನ್ನು ಇದ್ದಲ್ಲೇ ಇಳಿಸಿ ಹಾಡತೊಡಗಿದರು.