ಬಚ್ಚಲ ಚಾವಣಿಯ ನಾಲ್ಕು ದೀಪ

ಬಾಣಂತಿಗೆ ಥಂಡಿ ತಾಗಬಾರದು. ನಮ್ಮ ವಿಜಾಪುರದ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2004ರಲ್ಲಿ ತಂಗಿ ರೇಣು ಹೆರಿಗೆಗೆಂದು ಪುಣೆಯ ಧನಕವಡಿಯಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದಾಗ, ಅವ್ವ ಗೌರಾಬಾಯಿ ಮೊದಲು ಮಾಡಿದ ಕೆಲಸವೆಂದರೆ ಬಚ್ಚಲಿನ ಗಾಳಿಕಿಂಡಿಗೆ ಹಳೇ ಸೀರೆ ತುರುಕಿದ್ದು.

ನಾನೇನು ಕಡಿಮೆಯೇ? ಅದಕ್ಕೂ ಮೊದಲೇ ಬಚ್ಚಲಿಗೆ, ತಾರಸಿಯ ಕೆಳಗೆ, ಪ್ಲಾಸ್ಟರಿನ ಪಿಓಪಿ ಚಾವಣಿ ಹೊಡೆಸಿ, ಅದರೊಳಗೆ ನಾಲ್ಕು ದೀಪ ಹುದುಗಿಸಿದ್ದೆ. ದೊಡ್ಡ ಹೋಟೆಲುಗಳಲ್ಲಿ ಇರುತ್ತವಲ್ಲ, ಹಾಗೆ. ಪಿಓಪಿ ಕೆಲಸದ ಸ್ವಪ್ನಿಲನೇ ವೈರೂ ಎಳೆದ. ಬೇರೆ ಎಲೆಕ್ಟ್ರಿಷಿಯನ್ ಬೇಡವೇ ಎಂದು ಕೇಳಿದ್ದಕ್ಕೆ “ಕಾಹೀ ಹೋತ ನಾಹೀ, ಭಾವೂ” ಎಂದ. ಏನೂ ಆಗುವುದಿಲ್ಲವಂತೆ! ನಾನೂ ತಲೆಯಾಡಿಸಿದೆ, ಮೂರ್ಖ.

ಗಂಡು ಕೂಸು ಹುಟ್ಟಿತು. ಬಾಣಂತಿಗೆ ಎರೆಯಲು ಶುರುಮಾಡಿದ ದಿನವೇ ಅದು ಶುರುವಾಯಿತು. ಬಾಗಿಲು ಮುಚ್ಚಿ, ಕುದಿಯುವ ನೀರು ಸುರಿದು, ಕಣ್ಣಿಗೆ ಕೈ ಕಾಣದಷ್ಟು ಉಗಿ ಎದ್ದಿತ್ತು. ಆಗ ಮೇಲಿನಿಂದ ಗುಂಯ್ ಎಂಬ ಸಣ್ಣ ದನಿ ಕೇಳಿತು. ಒಂದು ದೀಪ ಮಂಕಾಗಿ ಆರಿತು. ಹಿಂದೆಯೇ ಇನ್ನೊಂದು. ಎಲ್ಲರೂ ಹೊರಗೆ ಬಂದ ಅರ್ಧ ತಾಸಿಗೆ, ಯಾರೂ ಸ್ವಿಚ್ಚು ಮುಟ್ಟದೆ, ಎರಡೂ ತಾವಾಗಿಯೇ ಹತ್ತಿದವು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ.

ನಾಲ್ಕನೇ ದಿನ ರೇಣು ಏಳಲು ನಳ ಹಿಡಿದವಳು ಚೀರಿದಳು.

“ಅವ್ವಾ! ಯಾರೋ ನನ್ನ ಕೈ ಹಿಡದ್ರು!”

ಅವ್ವನ ಮುಖ ಬಿಳಿಚಿಕೊಂಡಿತು. “ನಿಮ್ಮ ಆಯಿ ಬಂದಾಳ. ಈ ಮನಿ ಬಾಣಂತ್ಯಾರಿಗೆಲ್ಲಾ ಎರದಾಕಿ ಅಕಿ. ಕೂಸನ್ನ ಮುಟ್ಟಬೇಕಂತ ಬಂದಾಳ.”

ಆಯಿ, ಅಂದರೆ ಅಪ್ಪನ ತಾಯಿ ಸಾಬವ್ವಜ್ಜಿ, ತೀರಿಕೊಂಡು ವರ್ಷವಾಗಿತ್ತು. ಅವ್ವ ಬಚ್ಚಲ ಮೂಲೆಯಲ್ಲಿ ಅವಳ ಹೆಸರಿಗೆ ಹೊಸ ಸೀರೆ, ಕುಂಕುಮ ಇಟ್ಟಳು. ಆದರೂ ದೀಪ ಆರಿದವು. ನನಗೂ ಹೆದರಿಕೆ ಹೊಕ್ಕಿತು. ಹಗಲು ಹೊತ್ತಿನಲ್ಲಿ ಮುಖ ತೊಳೆಯಲು ಹೋದರೂ ಕಣ್ಣು ಮೇಲಕ್ಕೇ ಹೋಗುತ್ತಿತ್ತು.

ಆರನೇ ದಿನ ಅವ್ವ ನಿರ್ಧಾರ ಮಾಡಿದಳು. “ಇವತ್ತ ಕೂಸಿಗೆ ಎರದು, ಅದರ ಕೈ ಆ ನಳಕ್ಕ ಹಚ್ಚತೀನಿ. ಮರಿಮಗನ್ನ ಮುಟ್ಟಿ ಮುದುಕಿ ತಣ್ಣಗ ಹೋಗ್ಲಿ.”

ಎರೆದದ್ದಾಯಿತು. ಒದ್ದೆ ಕೂಸನ್ನು ಎತ್ತಿಕೊಂಡು ಅವ್ವ ನಳದ ಕಡೆ ಬಗ್ಗಿದಳು. ಅಷ್ಟರಲ್ಲಿ ಮೇಲಿನ ಮನೆಯ ಶೈಲಶ್ರೀ ಬಾಣಂತಿಗೆ ಅಂಟಿನುಂಡಿ ಹಿಡಿದು ಬಂದರು. ಐಟಿಐಯಲ್ಲಿ ವೈರಿಂಗ್ ಕಲಿಸುವವರು ಅವರು. ನಳದಲ್ಲಿ ಅಜ್ಜಿ ಕೈ ಹಿಡಿದದ್ದನ್ನೂ ಅವ್ವ ಈಗ ಮಾಡಹೊರಟದ್ದನ್ನೂ ರೇಣು ಹೇಳಿದ್ದೇ ಉಂಡಿಯ ಡಬ್ಬಿ ಬಿಸಾಕಿ ಬಚ್ಚಲಿಗೆ ಓಡಿದರು.

“ಗೌರಾಬಾಯಾರ! ನಳ ಮುಟ್ಟಬ್ಯಾಡ್ರಿ! ಕೂಸನ್ನ ತಗೊಂಡು ಹೊರಗ ಬರ್ರಿ!”

“ನೀ ಸಾಲಿ ಕಲತಾಕಿ. ನಿನಗ ಇದು ತಿಳಿಯೂದಿಲ್ಲ ಬಿಡವಾ.”

“ತಿಳೀಲಿಲ್ಲಂದ್ರ ನಡೀತದ. ಮೊದಲ ಹೊರಗ ಬರ್ರಿ!”

ಅವ್ವ ಗೊಣಗುತ್ತ ಹೊರಬಂದಳು. ಶೈಲಶ್ರೀ ರಬ್ಬರ್ ಚಪ್ಪಲಿ ಮೆಟ್ಟಿ, ಒಣ ಮಣೆಯ ಮೇಲೆ ನಿಂತು ಟೆಸ್ಟರನ್ನು ನಳಕ್ಕೆ ಹಚ್ಚಿದರು. ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು.

“ನೋಡ್ರಿ. ನಿಮ್ಮತ್ತಿ ಅಲ್ಲ ಇದು. ಕರೆಂಟು.”

ಮೇನ್ ಸ್ವಿಚ್ ಬಂದ್ ಮಾಡಿಸಿ, ಮತ್ತೆ ಪರೀಕ್ಷಿಸಿ, ಒಂದು ದೀಪ ಕಳಚಿದರು. ಒಳಗಿನಿಂದ ತೊಟತೊಟನೆ ನೀರು ಇಳಿಯಿತು. ಬ್ಯಾಟರಿ ಬಿಟ್ಟು ನೋಡಿದರೆ ವೈರಿನ ಜಾಯಿಂಟು ಹಸಿರುಗಟ್ಟಿತ್ತು. ದೀಪದ ಕಾವಿಗೆ ಸಿಪ್ಪೆ ಕರಗಿದ ವೈರು ನೀರಿನ ಕಬ್ಬಿಣದ ಪೈಪಿಗೆ ಆತುಕೊಂಡಿತ್ತು. ಅರ್ಥಿಂಗ್ ವೈರನ್ನು ಎಲ್ಲಿಗೂ ಜೋಡಿಸದೆ ಸುತ್ತಿ ಹಾಗೇ ಬಿಟ್ಟಿದ್ದ ಪುಣ್ಯಾತ್ಮ ಸ್ವಪ್ನಿಲ.

“ಹಂಗಾದ್ರ ದೀಪ ತಾವಾಗೇ ಹೆಂಗ ಹತ್ತತಾವ?” ಅವ್ವ ಇನ್ನೂ ಬಿಡಲಿಲ್ಲ.

“ಉಗಿ ಒಳಗ ಹೊಕ್ಕಾಗ ಆರತಾವ, ಒಣಗಿದ ಮ್ಯಾಲ ಹತ್ತತಾವ. ಕಿಂಡಿ ನೀವು ಮುಚ್ಚೀರಿ, ಉಗಿ ಎಲ್ಲಿ ಹೋಗಬೇಕು? ಇವು ಹಾಲ್‌ನಾಗ ಹಾಕೂ ದೀಪ, ಬಚ್ಚಲದವಲ್ಲ. ಒದ್ದಿ ಕೂಸಿನ ಕೈ ಹಚ್ಚಿದ್ರ...”

ಅವ್ವ ಹೊಸ್ತಿಲಲ್ಲೇ ಕುಸಿದಳು. “ನನ್ನ ಕೈಯಾರ ಕೊಲ್ಲತಿದ್ನಲ್ಲೋ ಮಾಂತು!” ಎಂದು ನನ್ನ ಮುಖ ನೋಡಿ, ಕೂಸನ್ನು ಅವುಚಿಕೊಂಡು ಅತ್ತಳು. ನನಗೆ ತಲೆ ಎತ್ತಲಾಗಲಿಲ್ಲ. ತಪ್ಪು ಅವಳದಕ್ಕಿಂತ ನನ್ನದೇ ದೊಡ್ಡದಿತ್ತು.

ಲೈಸನ್ಸ್ ಇದ್ದ ಎಲೆಕ್ಟ್ರಿಷಿಯನ್ ಬಂದು ವೈರಿಂಗನ್ನೆಲ್ಲ ಹೊಸದಾಗಿ ಮಾಡಿದ. ಗಾಜು ಮುಚ್ಚಿದ, ಉಗಿ ಹೊಗದ ದೀಪ ಕೂರಿಸಿದ. ಅರ್ಥಿಂಗ್ ಜೋಡಿಸಿ, ಕರೆಂಟು ಸೋರಿದರೆ ತಟ್ಟನೆ ಬಂದ್ ಮಾಡುವ ಬ್ರೇಕರ್ ಹಾಕಿದ. ಕಿಂಡಿಗೆ ಫ್ಯಾನೂ ಬಂತು. “ಬಾಣಂತಿ ಹೊರಗ ಬಂದ ಮ್ಯಾಲ ಹಚ್ಚತೀನಿ” ಎಂದು ಅವ್ವ ಒಪ್ಪಿಕೊಂಡಳು.

ಓದುವ ಅಕ್ಕ, ಅಣ್ಣ, ನಿಮ್ಮ ಬಚ್ಚಲ ಚಾವಣಿಯಲ್ಲೂ ದೀಪಗಳಿವೆಯೇ? ಬಚ್ಚಲಿಗೆಂದೇ ಮಾಡಿದವು ಹೌದೋ ಅಲ್ಲವೋ ಬಲ್ಲವರನ್ನು ಕೇಳಿ. ವೈರಿನ ಕೆಲಸ ವೈರಿನವನಿಗೇ ಕೊಡಿ. ನಳ ಮುಟ್ಟಿದಾಗ ಕೈ ಜುಮ್ ಎಂದರೆ ಮತ್ತೆ ಮುಟ್ಟಬೇಡಿ. ಒಣಗಿದ ಕೈಯಿಂದ ಮೇನ್ ಸ್ವಿಚ್ ಬಂದ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ನಾಳೆ ನೋಡೋಣ ಎನ್ನಬೇಡಿ. ಆ ದಿನ ನಮ್ಮ ಕೂಸಿನ ಕೈಗೂ ನಳಕ್ಕೂ ನಡುವೆ ಒಂದೇ ಗೇಣು ಇತ್ತು.